ನಲವತ್ತೊಂದನೆಯ ರಾಣಿ

ಹದಿನೇಳು ವರ್ಷ ನಾನು ಆ ಪ್ರಯೋಗಾಲಯದಲ್ಲಿ ಗಾಜು ತೊಳೆದೆ. ಬೀಕರು, ಕೊಳವೆ, ತಟ್ಟೆ, ಮುಚ್ಚಳ. ತೊಳೆದದ್ದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುವುದು, ಕಲೆ ಕಾಣದಿದ್ದರೂ ಇನ್ನೊಮ್ಮೆ ತೊಳೆಯುವುದು ನನ್ನ ಅಭ್ಯಾಸವಾಗಿತ್ತು. ಇಷ್ಟು ವರ್ಷದಲ್ಲಿ ನನ್ನ ಕೈಯಿಂದ ಒಡೆದದ್ದು ಆರು. ಆ ಆರೂ ಯಾವಾಗ, ಹೇಗೆ ಒಡೆದವು ಎಂದು ಈಗಲೂ ಹೇಳಬಲ್ಲೆ.

ಅದರಲ್ಲಿ ಕೊನೆಯ ಮೂರು ವರ್ಷ ಸಂಜೆ ತರಗತಿಗೂ ಹೋದೆ. ನನ್ನ ಅರ್ಧ ವಯಸ್ಸಿನವರ ಪಕ್ಕ ಬೆಂಚಿನ ತುದಿಯಲ್ಲಿ ಕೂತು, ಲ್ಯಾಬ್ ಸಹಾಯಕರ ಪರೀಕ್ಷೆ ಬರೆದು, ಎರಡನೆಯ ಸಲಕ್ಕೆ ಪಾಸಾದೆ. ಆಗ ನಮ್ಮ ಡಾಕ್ಟರಮ್ಮ ನನ್ನನ್ನು ಸಿಂಕಿನ ಮುಂದಿನಿಂದ ಎಬ್ಬಿಸಿ ಇರುವೆಗಳ ಕೋಣೆಗೆ ಹಾಕಿದರು. ಅವರು ಜ್ವರಕ್ಕೆ ಮಾತ್ರೆ ಕೊಡುವ ಡಾಕ್ಟರಲ್ಲ, ಇರುವೆಗಳನ್ನು ಓದಿ ಡಾಕ್ಟರಾದವರು. ಅದು ಗೊತ್ತಿದ್ದರೂ ಆಫೀಸಿನವರು ಕೆಮ್ಮು ಬಂದರೆ ಅವರ ಬಾಗಿಲಿಗೇ ಹೋಗಿ ನಿಲ್ಲುತ್ತಿದ್ದರು.

"ಆರು ತಿಂಗಳು ನೋಡ್ತೀನಿ. ಈ ಮಳೆಗಾಲದಲ್ಲಿ ಹೊರಗಿಂದ ರಾಣಿಗಳನ್ನ ಹಿಡ್ಕೊಂಡು ಬಂದು ಹತ್ತು ಹೊಸ ಗೂಡು ಎಬ್ಬಿಸಿ ಕೊಡಿ. ಕೊಟ್ರೆ ಕೆಲಸ ಖಾಯಂ," ಎಂದರು.

"ಆಗಲಿಲ್ಲ ಅಂದ್ರೆ, ಮೇಡಂ?"

"ಸಿಂಕು ಎಲ್ಲೂ ಓಡಿಹೋಗಲ್ಲ."

ಅವರು ತಮಾಷೆಗೆ ಹೇಳಿದ್ದೋ ನಿಜಕ್ಕೂ ಹೇಳಿದ್ದೋ ಎಂದು ಮೂರು ದಿನ ಯೋಚಿಸಿದೆ.

ನಾವು ಸಾಕುತ್ತಿದ್ದದ್ದು ಬೆಂಕಿ ಇರುವೆ. ಬಾಯಿಯಿಂದ ಕಚ್ಚಿ ಹಿಡಿದು, ಹಿಂಭಾಗದ ಮುಳ್ಳಿನಿಂದ ಚುಚ್ಚುವ ಜಾತಿ. ಚುಚ್ಚಿದ ಜಾಗ ಮೊದಲು ಉರಿಯುತ್ತದೆ, ಮಾರನೆಯ ದಿನ ಅಲ್ಲಿ ಬಿಳಿ ತಲೆಯ ಗುಳ್ಳೆ ಏಳುತ್ತದೆ. ಶಾಲೆಯ ಅಂಗಳ, ಆಸ್ಪತ್ರೆಯ ಹುಲ್ಲುಹಾಸು ಇಂಥ ಕಡೆ ಇವು ಗೂಡು ಮಾಡಿದರೆ ಯಾವ ತಿನಿಸನ್ನು ಎಷ್ಟು ಹಾಕಿ ಓಡಿಸಬೇಕು ಎಂದು ನಮ್ಮಲ್ಲಿ ಪರೀಕ್ಷೆ ನಡೆಯುತ್ತಿತ್ತು. ಪರೀಕ್ಷೆಗೆ ಗೂಡುಗಳು ಬೇಕು. ಹಳೆಯ ಗೂಡುಗಳ ರಾಣಿಗಳು ಮುದಿಯಾಗಿ ಒಂದೊಂದೇ ಸಾಯುತ್ತಿದ್ದವು.

ಹೊಸ ಗೂಡು ಎಬ್ಬಿಸುವ ವಿಧಾನವನ್ನು ಡಾಕ್ಟರಮ್ಮ ಐದು ನಿಮಿಷದಲ್ಲಿ ಹೇಳಿ ಮುಗಿಸಿದರು. ಮಳೆ ಬಂದ ಮಾರನೆಯ ದಿನ ಬಿಸಿಲು ಬಿದ್ದು ಗಾಳಿ ನಿಂತರೆ, ರೆಕ್ಕೆಯ ರಾಣಿಗಳು ಗೂಡಿನಿಂದ ಹಾರುತ್ತವೆ. ಆಕಾಶದಲ್ಲೇ ಜೋಡಿಯಾಗಿ ಕೆಳಗಿಳಿದು, ರೆಕ್ಕೆ ಕಳಚಿ, ಬಿಲ ತೋಡಲು ಜಾಗ ಹುಡುಕುತ್ತ ಓಡಾಡುತ್ತವೆ. ಆಗ ಹಿಡಿಯಬೇಕು. ಗಾಜಿನ ಕೊಳವೆಯ ತಳದಲ್ಲಿ ನೀರು, ನೀರಿನ ಮೇಲೆ ಬಿಗಿಯಾಗಿ ಹತ್ತಿ, ಆಮೇಲೆ ರಾಣಿ, ಬಾಯಿಗೆ ಇನ್ನೊಂದು ಹತ್ತಿ. ಅಷ್ಟೇ ಅವಳ ಅರಮನೆ.

"ತಿನ್ನೋಕೆ?" ಎಂದು ಕೇಳಿದೆ.

"ಏನೂ ಬೇಡ. ರೆಕ್ಕೆ ಬಡಿಯೋ ಸ್ನಾಯು ಇತ್ತಲ್ಲ, ಅದನ್ನೇ ಕರಗಿಸಿಕೊಂಡು ಮೊಟ್ಟೆ ಇಟ್ಟು ಮರಿ ಮಾಡ್ತಾಳೆ. ಕತ್ತಲಲ್ಲಿಡಿ, ಸುಮ್ಮನಿರಿ. ಇಪ್ಪತ್ತೈದು ದಿನ. ವಾರಕ್ಕೊಂದು ಸಲ ನೋಡಿ ಹಾಳೆಯಲ್ಲಿ ಬರೆದರೆ ಸಾಕು."

ಇಷ್ಟು ಹೇಳಿ ಅವರು ಬೇರೆ ಊರಿನ ಕೆಲಸಕ್ಕೆ ಹೊರಟರು. ನಾನು ಎಲ್ಲವನ್ನೂ ಬರೆದುಕೊಂಡಿದ್ದೆ. 'ಸುಮ್ಮನಿರಿ' ಎಂಬುದನ್ನು ಮಾತ್ರ ಬರೆದಿರಲಿಲ್ಲ. ಅದು ಮಾತಿನ ಕೊನೆಗೆ ಯಾರಾದರೂ ಸೇರಿಸುವ ಮಾತು ಎಂದುಕೊಂಡೆ.

ರಾಣಿ ಹಿಡಿಯಲು ನನಗೆ ಜಾಗ ತೋರಿಸಿದವನು ನಮ್ಮ ತೋಟದ ಕೆಲಸದವನು. ಬೇಲಿಗಿಡ ಕತ್ತರಿಸುವ ಉದ್ದ ಕತ್ತರಿ ಸದಾ ಹೆಗಲ ಮೇಲೆ ಇರುತ್ತಿದ್ದರಿಂದ ಎಲ್ಲರೂ ಅವನನ್ನು ಕತ್ತರಿಯಣ್ಣ ಎನ್ನುತ್ತಿದ್ದರು. ಎಲ್ಲವನ್ನೂ ಬರೆದಿಡುತ್ತಿದ್ದರಿಂದ ಅವನು ನನಗೆ ಇಟ್ಟ ಹೆಸರು ರಿಜಿಸ್ಟರಮ್ಮ. ಹಿಂದಿನ ಸಂಜೆ ಜೋರು ಮಳೆ ಬಂದಿತ್ತು. ಬೆಳಿಗ್ಗೆಯೂ ತುಂತುರು ಇದ್ದದ್ದರಿಂದ ನಾನು ಮಳೆಕೋಟು ಹಾಕಿಕೊಂಡೇ ಬಂದಿದ್ದೆ. ಹನ್ನೊಂದು ಗಂಟೆಗೆ ಮೋಡ ಸರಿದು ಬಿಸಿಲು ಬಿತ್ತು. ಹನ್ನೆರಡೂವರೆಗೆ ಕತ್ತರಿಯಣ್ಣ ಇರುವೆ ಕೋಣೆಯ ಕಿಟಕಿ ತಟ್ಟಿದ.

"ರಿಜಿಸ್ಟರಮ್ಮ, ಬನ್ನಿ ಬನ್ನಿ. ನಿಮ್ಮ ನೆಂಟರು ಇಳೀತಿದ್ದಾರೆ."

ಆಟದ ಮೈದಾನದ ಪಕ್ಕ ವಾಹನ ನಿಲ್ಲಿಸುವ ಸಿಮೆಂಟಿನ ಅಂಗಳವಿತ್ತು. ಒದ್ದೆ ಸಿಮೆಂಟಿನ ಮೇಲೆ ರೆಕ್ಕೆಗಳು ಈರುಳ್ಳಿ ಸಿಪ್ಪೆಯ ಚೂರುಗಳಂತೆ ಬಿದ್ದಿದ್ದವು. ಅವುಗಳ ನಡುವೆ ಕೆಂಗಂದು ಬಣ್ಣದ ರಾಣಿಗಳು, ಒಂದೊಂದೂ ಅಕ್ಕಿಕಾಳಿಗಿಂತ ಸ್ವಲ್ಪ ಉದ್ದ, ದಾರಿ ತಪ್ಪಿದವರಂತೆ ಓಡಾಡುತ್ತಿದ್ದವು. ನಾನು ಕೈಗೆ ಟಾಲ್ಕಂ ಪೌಡರು ಹಚ್ಚಿಕೊಂಡೆ. ಪೌಡರಿನ ಮೇಲೆ ಇರುವೆಯ ಕಾಲು ನಿಲ್ಲುವುದಿಲ್ಲ. ಮೆತ್ತನೆಯ ಕುಂಚದಿಂದ ಒಂದನ್ನು ಎತ್ತಿ ಕೊಳವೆಗೆ ಬಿಟ್ಟೆ, ಹತ್ತಿ ಒತ್ತಿದೆ, ಮತ್ತೊಮ್ಮೆ ಒತ್ತಿದೆ.

"ಮದುವೆಗೆ ಹೊರಟವರ ಹಾಗೆ ಪೌಡರು ಹಚ್ಕೊಂಡಿದ್ದೀರಿ," ಎಂದ ಕತ್ತರಿಯಣ್ಣ. "ಹೆದರಬೇಡಿ. ಇವತ್ತು ಅವಕ್ಕೆ ಕಚ್ಚೋಕೆ ಪುರಸೊತ್ತಿಲ್ಲ. ಮನೆ ಹುಡುಕ್ತಿವೆ."

"ರೆಕ್ಕೆ ಇರೋದು ಬೇಡ ಕತ್ತರಿಯಣ್ಣ. ಕಳಚಿರೋದೇ ಬೇಕು."

"ಗೊತ್ತಾಯ್ತು, ಗೊತ್ತಾಯ್ತು. ಸಂಸಾರಸ್ಥರು ಮಾತ್ರ."

ಕೊಳವೆ ನಿಲ್ಲಿಸುವ ನನ್ನ ಸ್ಟ್ಯಾಂಡಿನಲ್ಲಿ ನಲವತ್ತು ತೂತುಗಳು, ಹತ್ತರಂತೆ ನಾಲ್ಕು ಸಾಲು. ಎರಡು ಗಂಟೆಯಲ್ಲಿ ಎಲ್ಲವೂ ತುಂಬಿದವು. ಮುಚ್ಚಳ ಹಾಕುತ್ತಿದ್ದಾಗ ಅವನು ಮತ್ತೆ ಕೂಗಿದ: "ಅಯ್ಯೋ, ಇಲ್ಲೊಬ್ಬಳು ನನ್ನ ಬೂಟು ಹತ್ತುತ್ತಿದ್ದಾಳೆ, ಬೇಗ!" ಒಂದು ಕೈಯಲ್ಲಿ ಸ್ಟ್ಯಾಂಡು ಹಿಡಿದುಕೊಂಡೇ, ಉಳಿದಿದ್ದ ಒಂದು ಕೊಳವೆಗೆ ಅದನ್ನು ಹಾಕಿ, ಹತ್ತಿ ಒತ್ತಿ, ಕೋಟಿನ ಒಳಜೇಬಿಗೆ ಇಳಿಸಿದೆ. ಕೋಣೆಗೆ ಬಂದ ಮೇಲೆ ಸ್ಟ್ಯಾಂಡಿನ ಕೊಳವೆಗಳನ್ನು ಮೂರು ಸಲ ಎಣಿಸಿದೆ. ಮೂರು ಸಲವೂ ನಲವತ್ತೇ ಬಂತು. ಹಾಳೆಯಲ್ಲಿ ನಲವತ್ತು ಎಂದು ಬರೆದು ಸಹಿ ಹಾಕಿದೆ.

ಸಂಜೆ ಮತ್ತೆ ನಾಲ್ಕು ಹನಿ ಬಿತ್ತು. ಕೋಟು ಹಾಕಿಕೊಂಡೇ ಮನೆಗೆ ಬಂದೆ. ಒದ್ದೆ ಆರಿದ ಮೇಲೆ ಅದನ್ನು ಒಳಕೋಣೆಯ ಬೀರುವಿನಲ್ಲಿ ಹಳೆಯ ಬಟ್ಟೆಗಳ ಜೊತೆ ನೇತುಹಾಕಿದೆ. ಅದಾದ ಮೇಲೆ ಇಪ್ಪತ್ತಾರು ದಿನ ಮಳೆಯೇ ಬರಲಿಲ್ಲ.

ಆ ಒಳಕೋಣೆಯಲ್ಲಿ ನನ್ನ ತಂಗಿ ಇದ್ದಳು. ಎರಡು ತಿಂಗಳ ಹಿಂದೆ ಒಂದು ಬ್ಯಾಗು ಹಿಡಿದು ಬಂದು, "ಸ್ವಲ್ಪ ದಿನ ಇರ್ತೀನಕ್ಕ," ಎಂದಿದ್ದಳು. ಗಂಡನ ಮನೆಯಲ್ಲಿ ಏನಾಯಿತೆಂದು ಹೇಳಲಿಲ್ಲ. ಕೆಲಸ ಮಾಡುತ್ತಿದ್ದ ಚಪ್ಪಲಿ ಅಂಗಡಿಗೆ ರಜೆ ಹಾಕಿದ್ದಳು. ಪರದೆ ಎಳೆದುಕೊಂಡು ಮಲಗಿರುತ್ತಿದ್ದಳು, ಇಲ್ಲವೇ ಕೂತಿರುತ್ತಿದ್ದಳು. ನಾನು ಬೆಳಿಗ್ಗೆ ಹೊರಡುವ ಮುನ್ನ ಬಾಗಿಲು ತಟ್ಟಿ ಚಹಾ ಕೊಡುತ್ತಿದ್ದೆ, ಮಧ್ಯಾಹ್ನ ಫೋನು ಮಾಡುತ್ತಿದ್ದೆ, ಸಂಜೆ ಬಂದು ಮತ್ತೆ ತಟ್ಟುತ್ತಿದ್ದೆ.

"ಏನಾದ್ರೂ ತಿಂದ್ಯಾ?"

"ತಿಂದೆ."

"ಏನ್ ತಿಂದೆ?"

"ಅಕ್ಕ, ನನಗೆ ಮೂವತ್ತೆಂಟು ವರ್ಷ."

"ಅದಕ್ಕೇ ಕೇಳಿದ್ದು. ಏನ್ ತಿಂದೆ?"

ಬಾಗಿಲು ಮುಚ್ಚಿಕೊಳ್ಳುತ್ತಿತ್ತು. ನನ್ನ ಗಂಡ ಲಿಫ್ಟ್ ರಿಪೇರಿ ಮಾಡುವವರು. ಅವರು ಪೇಪರಿನಿಂದ ತಲೆ ಎತ್ತದೆ ಒಂದು ಸಲ ಹೇಳಿದರು: "ಲಿಫ್ಟಿನ ಗುಂಡಿ ಹತ್ತು ಸಲ ಒತ್ತಿದ್ರೆ ಬೇಗ ಬರುತ್ತೆ ಅಂದ್ಕೊಂಡಿರ್ತಾರೆ ಜನ. ಗುಂಡಿ ಹಾಳಾಗುತ್ತೆ ಅಷ್ಟೇ. ನನಗೆ ಅದರಿಂದಲೇ ಅನ್ನ, ಬಿಡು." ಅವರು ತಮ್ಮ ಕೆಲಸದ ಬಗ್ಗೆ ಹೇಳುತ್ತಿದ್ದಾರೆ ಎಂದುಕೊಂಡೆ.

ಇರುವೆ ಕೋಣೆಯಲ್ಲಿ ನಾನು ಕೊಳವೆಗಳನ್ನು ಮರದ ಪೆಟ್ಟಿಗೆಯಲ್ಲಿಟ್ಟು ಬೀರುವಿನ ಕೆಳಗಿನ ಅಂಕಣದಲ್ಲಿ ಇರಿಸಿದ್ದೆ. ಹೀಟರು ಸರಿಯಾಗಿತ್ತು, ತಾಪ ಸರಿಯಾಗಿತ್ತು. ಎರಡನೆಯ ದಿನ ತೆಗೆದು ನೋಡಿದಾಗ ಮೂರನೆಯ ಕೊಳವೆಯಲ್ಲಿ ಬಿಳಿಯ ಚುಕ್ಕಿಗಳು ಕಂಡವು. ಭೂತಗನ್ನಡಿಯಲ್ಲಿ ಎಣಿಸಿದೆ: ಒಂಬತ್ತು. ರಾಣಿ ಅವುಗಳ ಮೇಲೆ ಬಾಗಿ ನಿಂತಿದ್ದಳು. ಸಿಂಕಿನ ಮುಂದೆ ಹದಿನೇಳು ವರ್ಷ ನಿಂತವಳಿಗೆ ಅದು ಎಂಥ ಕ್ಷಣವೆಂದು ಹೇಳುವುದು ನನಗೆ ಗೊತ್ತಾಗುತ್ತಿಲ್ಲ. ಸಂಜೆಯ ಹೊತ್ತಿಗೆ ಇಪ್ಪತ್ತಾರು ಕೊಳವೆಗಳಲ್ಲಿ ಮೊಟ್ಟೆಗಳಿದ್ದವು.

ವಾರಕ್ಕೊಮ್ಮೆ ನೋಡಿ ಎಂದಿದ್ದರು ನಿಜ. ಆದರೆ ಸಂಜೆ ತರಗತಿಯ ಮೇಷ್ಟ್ರು ಬೋರ್ಡಿನ ಮೇಲೆ ದೊಡ್ಡದಾಗಿ ಬರೆಯುತ್ತಿದ್ದದ್ದು ನನ್ನ ತಲೆಯಲ್ಲಿ ಕೂತಿತ್ತು: ಬರೆದಿಡದ್ದು ನಡೆದೇ ಇಲ್ಲ. ವಾರದ ನಡುವೆ ಒಂದು ರಾಣಿ ಸತ್ತರೆ? ಹತ್ತಿ ಸರಿದು ನೀರು ಒಳಗೆ ನುಗ್ಗಿದರೆ? ಶಿಲೀಂಧ್ರ ಹಿಡಿದರೆ? ನಾನು ಒಂದು ಖಾಸಗಿ ಪುಸ್ತಕ ಮಾಡಿಕೊಂಡೆ. ಬೆಳಿಗ್ಗೆ ಒಂಬತ್ತಕ್ಕೆ, ಮಧ್ಯಾಹ್ನ ಒಂದಕ್ಕೆ, ಸಂಜೆ ಐದಕ್ಕೆ ಪೆಟ್ಟಿಗೆ ತೆಗೆದು, ಒಂದೊಂದೇ ಕೊಳವೆಯನ್ನು ದೀಪದ ಕೆಳಗೆ ತಿರುಗಿಸಿ, ಮೊಟ್ಟೆ ಎಣಿಸಿ ಬರೆಯುತ್ತಿದ್ದೆ. ಡಾಕ್ಟರಮ್ಮನ ಹಾಳೆಯಲ್ಲಿ ಇದ್ದದ್ದು ವಾರಕ್ಕೊಂದು ಅಂಕಣ. ಅಲ್ಲಿ ವಾರಕ್ಕೊಂದೇ ಸಂಖ್ಯೆ ಬರೆದೆ. ಇಷ್ಟು ಸಲ ನೋಡಿದೆನೆಂದು ಹೇಳಿದರೆ ನಂಬಿಕೆಯಿಲ್ಲದವಳು ಎಂದುಕೊಂಡಾರು, ಕೊನೆಯ ದಿನ ಪುಸ್ತಕ ಪೂರ್ತಿ ತೋರಿಸಿ ಆಶ್ಚರ್ಯಪಡಿಸಿದರಾಯಿತು ಎಂದು ನನ್ನ ಎಣಿಕೆ.

ಐದನೆಯ ದಿನ ಮೂರನೆಯ ಕೊಳವೆಯಲ್ಲಿ ಹದಿನಾಲ್ಕು. ಆರನೆಯ ದಿನ ಮಧ್ಯಾಹ್ನ ಹನ್ನೊಂದೇ ಮೊಟ್ಟೆ. ಸಂಜೆ ಏಳು. ನಾನು ತಪ್ಪು ಎಣಿಸಿದ್ದೇನೆ ಎಂದುಕೊಂಡು ಮತ್ತೆ ಎಣಿಸಿದೆ. ಎಂಟನೆಯ ದಿನ ಅಲ್ಲಿ ಏನೂ ಇರಲಿಲ್ಲ. ಕೊಳವೆ ತೊಳೆದಿಟ್ಟಷ್ಟು ಸ್ವಚ್ಛ. ರಾಣಿ ಮೂಲೆಯಿಂದ ಮೂಲೆಗೆ ಓಡುತ್ತಿದ್ದಳು.

ಹತ್ತನೆಯ ದಿನಕ್ಕೆ ಮೊಟ್ಟೆಗಳಿದ್ದ ಕೊಳವೆಗಳು ಹದಿನೈದಕ್ಕೆ ಇಳಿದವು. ಭಯದಿಂದ ನಾಲ್ಕನೆಯ ಸಲವೂ ನೋಡತೊಡಗಿದೆ, ಬೆಳಿಗ್ಗೆ ಎಂಟಕ್ಕೇ ಬಂದು. ದೀಪ ಬದಲಾಯಿಸಿದೆ. ನೀರು ಬದಲಾಯಿಸಿದೆ. ಪೆಟ್ಟಿಗೆಯನ್ನು ಮೇಲಿನ ಅಂಕಣಕ್ಕೆ, ಮತ್ತೆ ಕೆಳಗಿನ ಅಂಕಣಕ್ಕೆ ಇಟ್ಟೆ. ಮಗುವಿಗೆ ಜ್ವರ ಬಂದಾಗ ತಾಯಿ ನಿಮಿಷಕ್ಕೊಮ್ಮೆ ಹಣೆ ಮುಟ್ಟುತ್ತಾಳಲ್ಲ, ಹಾಗೆ. ಹದಿನೆಂಟನೆಯ ದಿನದಿಂದ ರಾಣಿಗಳೇ ಸಾಯತೊಡಗಿದವು. ಇಪ್ಪತ್ತೊಂದನೆಯ ದಿನ ಡಾಕ್ಟರಮ್ಮ ಬಂದಾಗ ಹದಿಮೂರು ಸತ್ತಿದ್ದವು, ಉಳಿದವುಗಳಲ್ಲಿ ಒಂದರಲ್ಲೂ ಮರಿ ಇರಲಿಲ್ಲ.

ಅವರು ಹಾಳೆ ನೋಡಿದರು. ಮೊದಲ ವಾರ ಮೊಟ್ಟೆ, ಎರಡನೆಯ ವಾರ ಕಡಿಮೆ, ಮೂರನೆಯ ವಾರ ಸೊನ್ನೆ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ತಾಪ ಸರಿ ಇತ್ತಾ?"

"ಇತ್ತು ಮೇಡಂ."

"ಕತ್ತಲಲ್ಲಿ ಇಟ್ಟಿದ್ರಾ?"

"ಬೀರುವಲ್ಲೇ ಇಟ್ಟಿದ್ದೆ ಮೇಡಂ."

ಇಟ್ಟದ್ದು ಬೀರುವಿನಲ್ಲೇ. ಸುಳ್ಳಲ್ಲ. ಆದರೆ ದಿನಕ್ಕೆ ಮೂರು ನಾಲ್ಕು ಸಲ ಹೊರಗೆ ತೆಗೆದದ್ದನ್ನು ಹೇಳಲಿಲ್ಲ. ಅವರು ಮತ್ತೇನೂ ಕೇಳಲಿಲ್ಲ.

"ಹಾಗಾದ್ರೆ ರಾಣಿಗಳೇ ಕೆಟ್ಟಿರೋದು. ಆ ಮೈದಾನಕ್ಕೆ ಯಾರೋ ಔಷಧಿ ಹೊಡೆದಿದ್ದಾರೆ. ಹೊಡೆಯಬಾರದು ಅಂತ ಕಾಗದ ಕೊಟ್ಟಿದ್ದೆ. ಅಲ್ಲಿ ತೋಟದ ಕೆಲಸ ಯಾರದು?"

ಒಂದು ಗಂಟೆಯಲ್ಲಿ ಆಫೀಸಿನವರು ಕತ್ತರಿಯಣ್ಣನನ್ನು ಕರೆಸಿ ಕೇಳಿದರು. ಅವನ ಗುತ್ತಿಗೆ ಆ ತಿಂಗಳ ಕೊನೆಗೆ ಮುಗಿಯುವುದರಲ್ಲಿತ್ತು. ಅದನ್ನು ಮುಂದುವರಿಸುವ ಬಗ್ಗೆ 'ನೋಡೋಣ' ಎಂದರಂತೆ. ಮಧ್ಯಾಹ್ನ ಅವನು ಇರುವೆ ಕೋಣೆಯ ಬಾಗಿಲಿಗೆ ಬಂದು ನಿಂತ. ಹೆಗಲ ಮೇಲೆ ಕತ್ತರಿ ಇರಲಿಲ್ಲ.

"ಮಕ್ಕಳು ಬರಿಗಾಲಲ್ಲಿ ಆಡೋ ಜಾಗ ಅದು. ನಾನು ವಿಷ ಹೊಡೀತೀನಾ? ನೀವೇ ಹೇಳಿ."

"ಇಲ್ಲ ಕತ್ತರಿಯಣ್ಣ. ನೀವು ಹಾಗೆ ಮಾಡೋರಲ್ಲ."

"ಹಂಗಂತ ಒಳಗೆ ಹೇಳಿದ್ರಾ?"

ನಾನು ಹೇಳಿರಲಿಲ್ಲ. ಅವನು "ಆಯ್ತು ಬಿಡಿ," ಎಂದು ಹೋದ. ರಿಜಿಸ್ಟರಮ್ಮ ಎಂದು ಕರೆಯಲಿಲ್ಲ. ಅಂದಿನಿಂದ ಎದುರು ಸಿಕ್ಕರೆ ಗಿಡದ ಕಡೆ ನೋಡುತ್ತಿದ್ದ.

ನನಗೆ ಕಾರಣ ಗೊತ್ತಿತ್ತೇ ಎಂದು ಆಮೇಲೆ ಎಷ್ಟೋ ಸಲ ನನ್ನನ್ನೇ ಕೇಳಿಕೊಂಡಿದ್ದೇನೆ. ಗೊತ್ತಿರಲಿಲ್ಲ. ಆದರೆ ಖಾಸಗಿ ಪುಸ್ತಕವನ್ನು ನಾನು ಮೇಜಿನ ಡ್ರಾಯರಿನಿಂದ ಕೈಚೀಲಕ್ಕೆ ವರ್ಗಾಯಿಸಿದ್ದೆ. ಏನೂ ಗೊತ್ತಿಲ್ಲದವಳು ಹಾಗೆ ಮಾಡುವುದಿಲ್ಲ.

ಇಪ್ಪತ್ತೇಳನೆಯ ದಿನ, ಭಾನುವಾರ, ಮಧ್ಯಾಹ್ನ ಮೂರಕ್ಕೆ ಮಳೆ ಶುರುವಾಯಿತು. ನಾನು ಅಡುಗೆಮನೆಯಲ್ಲಿ ಪಾತ್ರೆ ಒರೆಸುತ್ತಿದ್ದೆ. ಒಳಕೋಣೆಯ ಬಾಗಿಲು ತಾನಾಗಿ ತೆರೆಯಿತು. ತಂಗಿ ತಲೆ ಬಾಚಿಕೊಂಡು, ನನ್ನ ಮಳೆಕೋಟು ತೊಟ್ಟು ಹೊರಗೆ ಬಂದಳು.

"ಎಲ್ಲಿಗೆ?" ಎಂದೆ.

"ಹೊರಗೆ."

"ಹೊರಗೆ ಅಂದ್ರೆ ಎಲ್ಲಿಗೆ? ಈ ಮಳೇಲಿ?"

"ಮಳೆ ಅಂತಾನೇ ಕೋಟು ಹಾಕ್ಕೊಂಡಿದ್ದು." ಅವಳು ಕೈ ಒಳಜೇಬಿಗೆ ಹಾಕಿದವಳು ತಟ್ಟನೆ ನಿಂತಳು. ಕೊಳವೆಯನ್ನು ಎರಡು ಬೆರಳಲ್ಲಿ ಹೊರಗೆ ತೆಗೆದು ಕಿಟಕಿಯ ಬೆಳಕಿಗೆ ಹಿಡಿದಳು. "ಅಕ್ಕ, ನಿನ್ನ ಕೋಟಲ್ಲಿ ಯಾರೋ ಸಂಸಾರ ಹೂಡಿದ್ದಾರೆ."

ನಾನು ಒರೆಸುತ್ತಿದ್ದ ತಟ್ಟೆ ಕೆಳಗಿಟ್ಟೆ. ಕೊಳವೆಯಲ್ಲಿ ನೀರು ಇನ್ನೂ ಇತ್ತು, ಹತ್ತಿ ಸ್ವಲ್ಪ ಹಳದಿಯಾಗಿತ್ತು. ರಾಣಿ ಹತ್ತಿಗೆ ಒರಗಿ ನಿಂತಿದ್ದಳು. ಅವಳ ಕಾಲ ಬಳಿ ಬಿಳಿಯ ಮರಿಗಳ ಗುಡ್ಡೆ. ಆ ಗುಡ್ಡೆಯ ಸುತ್ತ, ಸೂಜಿಮೊನೆಯಷ್ಟು ಸಣ್ಣ ಕೆಲಸಗಾರ ಇರುವೆಗಳು. ಭೂತಗನ್ನಡಿ ತಂದು ಎಣಿಸಿದೆ. ಹನ್ನೊಂದು. ಒಂದು ಇನ್ನೊಂದರ ಬೆನ್ನು ನೆಕ್ಕುತ್ತಿತ್ತು.

ಕುರ್ಚಿಯ ಮೇಲೆ ಕೂತುಬಿಟ್ಟೆ. ಅದೇ ಮೈದಾನ, ಅದೇ ಮಧ್ಯಾಹ್ನ, ಅದೇ ನಲ್ಲಿಯ ನೀರು. ಹೀಟರಿಲ್ಲ, ಪಟ್ಟಿಯಿಲ್ಲ, ದೀಪವಿಲ್ಲ. ಇದಕ್ಕೆ ಸಿಗದಿದ್ದದ್ದು ಒಂದೇ, ನಾನು.

"ಯಾಕಕ್ಕ ಅಳ್ತಿದ್ದೀಯ? ಕಚ್ಚಿತಾ?"

ಅವಳಿಗೆ ಎಲ್ಲ ಹೇಳಿದೆ. ಮೊಟ್ಟೆ ಎಣಿಸಿದ್ದು, ಅವು ಕಡಿಮೆಯಾದದ್ದು, ಕಡಿಮೆಯಾದಷ್ಟೂ ಹೆಚ್ಚು ನೋಡಿದ್ದು, ಕತ್ತರಿಯಣ್ಣ ಬಾಗಿಲಲ್ಲಿ ನಿಂತದ್ದು. ಬೆಳಕು ಬಿದ್ದಾಗೆಲ್ಲ, ಕೊಳವೆ ಅಲುಗಿದಾಗೆಲ್ಲ ರಾಣಿಗೆ ಗೂಡಿನ ಮೇಲೆ ಯಾರೋ ಬಿದ್ದರೆಂಬ ದಿಗಿಲು. ದಿಗಿಲಾದರೆ ಅವಳು ತನ್ನ ಮೊಟ್ಟೆ ತಾನೇ ತಿಂದುಬಿಡುತ್ತಾಳೆ. ಅದು ಸಂಜೆ ತರಗತಿಯ ಪುಸ್ತಕದಲ್ಲೂ ಇತ್ತು, ಅಡಿಟಿಪ್ಪಣಿಯಲ್ಲಿ, ನಾನು ಓದಿಯೂ ಇದ್ದೆ. ನೋಡಿಕೊಳ್ಳುವುದಕ್ಕೂ ಮೇಲೆ ಬೀಳುವುದಕ್ಕೂ ಕೊಳವೆಯ ಒಳಗಿನವಳಿಗೆ ವ್ಯತ್ಯಾಸ ತಿಳಿಯುವುದಿಲ್ಲ ಎಂದು ಮಾತ್ರ ನನಗೆ ಹೊಳೆದಿರಲಿಲ್ಲ.

ತಂಗಿ ಎದುರಿಗೆ ಕೂತು ಕೇಳಿದಳು. ಮುಗಿದ ಮೇಲೆ, "ನನ್ನನ್ನೂ ನಾಲ್ಕು ದಿನ ಕೋಟಿನ ಜೇಬಲ್ಲಿ ಮರೆತುಬಿಡೇ," ಎಂದಳು.

ಇಬ್ಬರಿಗೂ ನಗು ಬಂತು. ನನಗೆ ಬಂದದ್ದು ಪೂರ್ತಿ ನಗುವಲ್ಲ. ಅವಳು ಕೊಳವೆಯನ್ನು ನನ್ನ ಅಂಗೈಗೆ ಕೊಟ್ಟು, ಕೋಟು ಕಳಚಿಟ್ಟು, ಕೊಡೆ ಹಿಡಿದು ಹೊರಟಳು. ಎಲ್ಲಿಗೆ ಎಂದು ನಾನು ಮತ್ತೆ ಕೇಳಲಿಲ್ಲ. ಕೇಳದೆ ಇರಲು ಬಾಯಿಗೆ ಸೆರಗು ಒತ್ತಿಕೊಳ್ಳಬೇಕಾಯಿತು.

ಗಂಡ ಬಂದ ಮೇಲೆ ಕೊಳವೆ ತೋರಿಸಿದೆ. ಅವರು ತಿರುಗಿಸಿ ನೋಡಲು ಹೋದಾಗ ಕೈ ಹಿಡಿದೆ.

"ಕೊಡೋದಾ ಬೇಡ್ವಾ ಅಂತ ಯೋಚನೆ ಮಾಡ್ತಿದ್ದೀಯಲ್ಲ?" ಎಂದರು.

"ಇದನ್ನ ಕೊಟ್ರೆ ತಪ್ಪು ನಂದೇ ಅಂತ ಆಗುತ್ತೆ. ಎಣಿಕೆ ತಪ್ಪಿದ್ದು ಒಂದು, ಚುಚ್ಚೋ ಇರುವೇನ ಮನೆಗೆ ತಂದಿದ್ದು ಎರಡು, ಕದ್ದು ನೋಡಿದ್ದು ಮೂರು. ನಾಳೆ ಸಿಂಕು."

"ಕೊಡದಿದ್ರೆ?"

"ಇನ್ನೊಂದು ಮೈದಾನದಿಂದ ಹಿಡೀತೀನಿ. ಈ ಸಲ ನೋಡಲ್ಲ. ಗೂಡು ಆಗುತ್ತೆ. ಕೆಲಸ ಖಾಯಂ ಆಗುತ್ತೆ."

"ಆ ಕತ್ತರಿಯವನು?"

ಉತ್ತರಕ್ಕೆ ಕಾಯದೆ ಅವರು ಕೈ ತೊಳೆಯಲು ಹೋದರು. ಅವರ ಉಗುರಿನ ಸಂದಿಯ ಗ್ರೀಸು ಹೋಗಲು ಬಹಳ ಹೊತ್ತು ಬೇಕು.

ಬೆಳಿಗ್ಗೆ ಮಳೆ ನಿಂತಿತ್ತು. ಕೊಳವೆಯನ್ನು ಕರವಸ್ತ್ರದಲ್ಲಿ ಸುತ್ತಿ ಅದೇ ಕೋಟಿನ ಅದೇ ಜೇಬಿನಲ್ಲಿಟ್ಟುಕೊಂಡೆ, ಕೈಚೀಲದಲ್ಲಿ ಖಾಸಗಿ ಪುಸ್ತಕ. ಬಸ್ಸಿನಲ್ಲಿ ಸೀಟು ಖಾಲಿ ಇದ್ದರೂ ನಿಂತೇ ಹೋದೆ. ಡಾಕ್ಟರಮ್ಮನ ಮೇಜಿನ ಮೇಲೆ ಎರಡನ್ನೂ ಇಟ್ಟು, ದಾರಿಯುದ್ದಕ್ಕೂ ಉರುಹಾಕಿಕೊಂಡು ಬಂದದ್ದನ್ನು ಹೇಳಿದೆ. ನಡುವೆ ಮರೆತುಹೋಯಿತು. ಮತ್ತೆ ಮೊದಲಿನಿಂದ ಹೇಳಿದೆ.

ಅವರು ಮೊದಲು ಕೊಳವೆಯನ್ನು ನೋಡಿದರು. ಆಮೇಲೆ ಪುಸ್ತಕ ತೆರೆದರು. ಒಂದೊಂದು ಪುಟವನ್ನೂ ಓದಿದರು. ನಾನು ಗೋಡೆಯ ಗಡಿಯಾರದ ಮುಳ್ಳು ನೋಡುತ್ತ ನಿಂತೆ. ಹದಿನಾಲ್ಕು ನಿಮಿಷ.

"ದಿನಕ್ಕೆ ನಾಲ್ಕು ಸಲ," ಎಂದರು ಕೊನೆಗೆ.

"ಹತ್ತನೇ ದಿನದಿಂದ ಮೇಡಂ. ಅದಕ್ಕೆ ಮುಂಚೆ ಮೂರೇ."

"ಮೂರೇ!" ಅವರ ತುಟಿ ಅಲುಗಿತು; ನಗುವೋ ಸಿಟ್ಟೋ ತಿಳಿಯಲಿಲ್ಲ. "ಒಂದು ಕೊಳವೆ ಸಾಕ್ಷಿ ಅಲ್ಲ, ಗೊತ್ತಲ್ಲ? ಅದೃಷ್ಟವೂ ಇರಬಹುದು."

"ಗೊತ್ತು ಮೇಡಂ. ಆದ್ರೆ ಮಣ್ಣಲ್ಲಿ ವಿಷ ಇದ್ದಿದ್ರೆ ಇದೂ ಸಾಯಬೇಕಿತ್ತು. ಕತ್ತರಿಯಣ್ಣ ಹೊಡೆದಿಲ್ಲ. ಅಷ್ಟು ಮಾತ್ರ ಇವತ್ತೇ ಆಫೀಸಿಗೆ ಹೇಳಿ. ನನ್ನದು ಆಮೇಲೆ ನೋಡಿ."

ಹದಿನೇಳು ವರ್ಷದಲ್ಲಿ ನಾನು ಅವರಿಗೆ ಹೀಗೆ ಮಾಡಿ ಎಂದು ಹೇಳಿದ್ದು ಅದೇ ಮೊದಲು. ಅವರು ಫೋನೆತ್ತಿ ಆಫೀಸಿಗೆ ಮಾತಾಡಿದರು. "ತಪ್ಪು ನನ್ನ ಕಡೆಯದು," ಎಂದರು. ನನ್ನ ಹೆಸರು ಹೇಳಲಿಲ್ಲ. ಫೋನಿಟ್ಟು ನನ್ನ ಕಡೆ ತಿರುಗಿದರು.

"ಇನ್ನೂ ಆರು ತಿಂಗಳು ಪರೀಕ್ಷೆ. ಖಾಯಂ ಈಗ ಆಗಲ್ಲ. ನೋಡಿದ್ದಕ್ಕಲ್ಲ. ನೋಡೋ ತಪ್ಪು ನಾನೂ ಮಾಡಿದ್ದೆ, ನಿಮ್ಮ ವಯಸ್ಸಿಗೆ ಬರೋಕೆ ಮುಂಚೆ. ಎರಡು ಪುಸ್ತಕ ಇಟ್ಟಿದ್ದಕ್ಕೆ. ಇದು ನನ್ನ ಮೇಜಿನ ಮೇಲಿದ್ದಿದ್ರೆ ಒಂಬತ್ತನೇ ದಿನಾನೇ ನಾನು ನಿಮ್ಮ ಕೈ ಕಟ್ಟಿ ಹಾಕ್ತಿದ್ದೆ."

"ಸಿಂಕು, ಮೇಡಂ?"

"ಯಾವ ಸಿಂಕು? ಹೊರಗೆ ನೋಡಿ, ಬಿಸಿಲು ಬಿದ್ದಿದೆ. ಕೊಳವೆ ತಯಾರು ಮಾಡಿ."

ಕತ್ತರಿಯಣ್ಣ ಬೇಲಿಯ ಬಳಿ ಇದ್ದ. ಆಫೀಸಿನ ಮಾತು ಅವನಿಗೆ ಆಗಲೇ ತಲುಪಿತ್ತು. ನಾನು ಎದುರಿಗೆ ಹೋಗಿ ನಿಂತು, ತಪ್ಪು ನನ್ನದು, ಅಂದು ಬಾಗಿಲಲ್ಲಿ ನೀವು ಕೇಳಿದಾಗ ಒಳಗೆ ಹೇಳಬೇಕಿತ್ತು, ಹೇಳಲಿಲ್ಲ ಎಂದೆ. ಅವನು ಎರಡು ಕೊಂಬೆ ಕತ್ತರಿಸಿದ. ಮೂರನೆಯದಕ್ಕೆ ಕತ್ತರಿ ಇಟ್ಟು ನಿಲ್ಲಿಸಿದ.

"ಏಳು ದಿನ ಮನೇಲಿ ಯಾರ ಹತ್ರಾನೂ ಹೇಳಲಿಲ್ಲ ನಾನು. ಗುತ್ತಿಗೆ ಹೋಗುತ್ತೆ ಅಂತ."

"ಗೊತ್ತು."

"ನಿಮಗೆ ಗೊತ್ತಿಲ್ಲ." ಮತ್ತೆ ಒಂದು ಕೊಂಬೆ ಕತ್ತರಿಸಿದ. "ಪೌಡರು ತಂದಿದ್ದೀರಾ?"

ಆ ದಿನ ನಲವತ್ತು ರಾಣಿ ಹಿಡಿದೆವು. ಕೊನೆಗೆ ಅವನು ನನ್ನ ಕೋಟಿನ ಎಲ್ಲ ಜೇಬುಗಳನ್ನೂ ತಟ್ಟಿ ನೋಡಲು ಹೇಳಿದ. ಡಾಕ್ಟರಮ್ಮ ಕೊಳವೆಗಳನ್ನು ಎರಡು ಪಾಲು ಮಾಡಿದರು. ಇಪ್ಪತ್ತನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ ಬೀಗದ ಕೈಯನ್ನು ಕತ್ತರಿಯಣ್ಣನಿಗೆ ಕೊಟ್ಟರು. ಇನ್ನಿಪ್ಪತ್ತನ್ನು ನನ್ನ ಮೇಜಿನ ಮೇಲೆ ಇಟ್ಟರು.

"ಇವನ್ನ ದಿನಕ್ಕೆ ಮೂರು ಸಲ ನೋಡಬೇಕು. ಒಂಬತ್ತು, ಒಂದು, ಐದು. ಹೋದ ಸಲ ಹೇಗೆ ನೋಡಿದ್ರೋ ಹಾಗೇ. ನನ್ನ ಹಾಳೆಯಲ್ಲೇ ಬರೀಬೇಕು."

"ಗೊತ್ತಿದ್ದೂ ಗೊತ್ತಿದ್ದೂ..."

"ಒಂದು ಕೊಳವೆ ಸಾಕ್ಷಿ ಅಲ್ಲ ಅಂದೆನಲ್ಲ."

ಬೇಡವೆಂದರೂ ನೋಡದೆ ಇರಲಾರದವಳು, ನೋಡು ಎಂದಾಗ ಪೆಟ್ಟಿಗೆಯ ಮುಚ್ಚಳ ತೆಗೆಯಲು ಹಿಂದೆಗೆಯುತ್ತಿದ್ದೆ. ಒಂದೊಂದು ಕೊಳವೆ ಎತ್ತುವಾಗಲೂ ಒಳಗಿನವಳು ಬೆಚ್ಚುವುದು ಕಾಣುತ್ತಿತ್ತು. ಮೊದಲಿನ ಸಲವೂ ಹಾಗೇ ಬೆಚ್ಚಿರಬೇಕು. ಆಗ ನಾನು ಮೊಟ್ಟೆ ಎಣಿಸುತ್ತಿದ್ದೆ.

ಕೋಟಿನ ರಾಣಿಯನ್ನು ಅವಳ ಹನ್ನೊಂದು ಮಕ್ಕಳೊಂದಿಗೆ ತಟ್ಟೆಗೆ ಇಳಿಸಿದೆವು. ಇರುವೆ ಹತ್ತಲಾಗದಂತೆ ತಟ್ಟೆಯ ಗೋಡೆಗೆ ಜಾರುವ ದ್ರಾವಣ ಬಳಿದು, ಒಂದು ಹನಿ ಸಕ್ಕರೆ ನೀರಿಟ್ಟೆವು. ಹೊರಗೆ ನಲವತ್ತೊಂದು ಎಂದು ಚೀಟಿ ಅಂಟಿಸಿದೆ. ಹಳೆಯ ಹಾಳೆಯಲ್ಲಿ ನಲವತ್ತು ಎಂಬುದನ್ನು ಹೊಡೆದು, ನಲವತ್ತೊಂದು ಎಂದು ತಿದ್ದಿ, ಪಕ್ಕದಲ್ಲಿ ಕಾರಣ ಬರೆದು ಸಹಿ ಹಾಕಿದೆ. ಕಾರಣ ಬರೆಯಲು ಐದು ಸಾಲು ಬೇಕಾಯಿತು.

ಮನೆಯಲ್ಲಿ ನಾನು ಬೆಳಿಗ್ಗೆ ಚಹಾ ಮಾಡಿ, ಫ್ಲಾಸ್ಕಿಗೆ ಹಾಕಿ, ಮೇಜಿನ ಮೇಲಿಟ್ಟು ಹೊರಡುತ್ತಿದ್ದೆ. ಬಾಗಿಲು ತಟ್ಟಲಿಲ್ಲ. ಮಧ್ಯಾಹ್ನ ಫೋನನ್ನು ಡ್ರಾಯರಿನಲ್ಲಿಟ್ಟುಬಿಡುತ್ತಿದ್ದೆ. ಒಂಬತ್ತನೆಯ ದಿನ ಫ್ಲಾಸ್ಕು ತೊಳೆದು ಬೋರಲಾಗಿ ಇಟ್ಟದ್ದು ಕಂಡಿತು, ಅವಳು ಚಪ್ಪಲಿ ಅಂಗಡಿಗೆ ಹೋಗಿದ್ದಳು. ಗಂಡನ ಮನೆಯಲ್ಲಿ ಏನಾಯಿತೆಂದು ಇನ್ನೂ ಹೇಳಿಲ್ಲ. ಹೇಳದೆಯೂ ಇರಬಹುದು.

ಕತ್ತರಿಯಣ್ಣ ದಿನವೂ ಸಂಜೆ ಇರುವೆ ಕೋಣೆಗೆ ಇಣುಕುತ್ತಿದ್ದ, ಬೀಗದ ಕೈಯನ್ನು ದಾರಕ್ಕೆ ಕಟ್ಟಿ ಕತ್ತಿಗೆ ಹಾಕಿಕೊಂಡು.

"ರಿಜಿಸ್ಟರಮ್ಮ, ನಿಜ ಹೇಳಿ. ಇವತ್ತು ಬೀಗ ಎಳೆದು ನೋಡಿದ್ರಾ?"

"ಒಂದೇ ಸಲ."

"ಹಾಳೆಯಲ್ಲಿ ಬರೆದ್ರಾ?"

"ಬರೆದೆ."

ಇಪ್ಪತ್ತೈದನೆಯ ದಿನ ಡಾಕ್ಟರಮ್ಮನೂ ಬಂದರು. ನನ್ನ ಮೇಜಿನ ಇಪ್ಪತ್ತರಲ್ಲಿ ಮರಿಯಾಗಿದ್ದದ್ದು ಎರಡು. ಕತ್ತರಿಯಣ್ಣ ದಾರ ಕತ್ತಿನಿಂದ ತೆಗೆದು ಬೀಗ ತೆರೆದ, ಪೆಟ್ಟಿಗೆಯನ್ನು ಎರಡೂ ಕೈಯಿಂದ ನಿಧಾನವಾಗಿ ಎತ್ತಿ ಮೇಜಿನ ಮೇಲಿಟ್ಟ. ಡಾಕ್ಟರಮ್ಮ ಭೂತಗನ್ನಡಿಯನ್ನು ನನ್ನ ಕಡೆ ಚಾಚಿದರು. ಹತ್ತಕ್ಕಿಂತ ಕಡಿಮೆ ಇದ್ದರೆ ಎಂಬುದು ಬಿಟ್ಟು ಬೇರೇನೂ ತಲೆಯಲ್ಲಿರಲಿಲ್ಲ.

"ನೀವು ನೋಡಿ," ಎಂದು ಅದನ್ನು ಕತ್ತರಿಯಣ್ಣನಿಗೆ ಕೊಟ್ಟೆ.

ಅವನು ಒಂದು ಕಣ್ಣು ಮುಚ್ಚಿ ಮೊದಲ ಕೊಳವೆಯ ಮೇಲೆ ಬಾಗಿದ. ಆಮೇಲೆ ಎರಡನೆಯದು, ಮೂರನೆಯದು. ಉಸಿರು ಬಿಡಲಿಲ್ಲ. ನಾನು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಕಿಟಕಿಯಾಚೆ ನೋಡುತ್ತ ನಿಂತೆ.

"ಇದೇನಿದು," ಎಂದ ಅವನು ಪಿಸುಮಾತಿನಲ್ಲಿ, "ಧೂಳು ನಡೀತಿದೆ."

"ಎಷ್ಟರಲ್ಲಿ?" ಎಂದರು ಡಾಕ್ಟರಮ್ಮ.

"ಸ್ವಲ್ಪ ತಡೀರಿ ಮೇಡಂ. ಎಣಿಸ್ತಿದ್ದೀನಿ."

ಅವನು ಎಣಿಸುತ್ತಲೇ ಇದ್ದ. ಹತ್ತು ದಾಟಿದ್ದು ಕಿವಿಗೆ ಬಿತ್ತು. ಹದಿಮೂರು, ಹದಿನಾಲ್ಕು. ನಾನು ಪೆನ್ನಿನ ಮುಚ್ಚಳ ತೆಗೆದೆ.